ಉತ್ಸವದ ಪರದೆ, ಅರಿವು ಕೇಂದ್ರದ ಕಂಪ್ಯೂಟರ್: ಅನಧಿಕೃತ ಚಲನಚಿತ್ರ ಪ್ರತಿಗಳಿಂದ ಪಂಚಾಯಿತಿಗೆ ಬರುವ ಕಾನೂನು ಹೊಣೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಗ್ರಾಮಗಳಲ್ಲಿ ಉತ್ಸವ, ಜಾತ್ರೆಗಳ ರಾತ್ರಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರವನ್ನು ಪರದೆ ಕಟ್ಟಿ ತೋರಿಸಬೇಕೆಂಬ ಅಪೇಕ್ಷೆ ಸಹಜವಾದುದು. ಟೆಲಿಗ್ರಾಂ ಗುಂಪಿನಿಂದ ಇಳಿಸಿಕೊಂಡ ಪ್ರತಿ ಯಾರದೋ ಪೆನ್‌ಡ್ರೈವಿನಲ್ಲಿ ಸಿದ್ಧವಿರುತ್ತದೆ. ಟಿಕೆಟ್ ಇಲ್ಲದ ಕಾರಣ ತಪ್ಪಿಲ್ಲವೆಂಬ ನಂಬಿಕೆಯೂ ಇರುತ್ತದೆ. ಈ ನಂಬಿಕೆಗೆ ಕಾನೂನಿನ ಆಧಾರವಿಲ್ಲ.

ಕೃತಿಸ್ವಾಮ್ಯ ಅಧಿನಿಯಮ, 1957ರ 26ನೇ ಪ್ರಕರಣದಂತೆ ಚಲನಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. 2012ರ ಸದರಿ ಚಿತ್ರದ ಹಕ್ಕು 2072ರ ಅಂತ್ಯದವರೆಗೆ ಜೀವಂತ. 1961ರಲ್ಲಿ ಬಿ.ಆರ್. ಪಂತುಲು ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ ಚಿತ್ರದ ಅವಧಿ 2021ಕ್ಕೆ ಮುಗಿದಿದೆ. ಆದರೆ ಅದರ ಸಾಹಿತ್ಯ, ಸಂಗೀತದ ಹಕ್ಕು ಕರ್ತೃವಿನ ಮರಣಾನಂತರವೂ 60 ವರ್ಷ ಉಳಿಯುವುದರಿಂದ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ.

ಸ್ಥಳೀಯ ಪ್ರಾಧಿಕಾರದ ಅಧಿಕೃತ ಸಮಾರಂಭಕ್ಕೆ 52ನೇ ಪ್ರಕರಣದಲ್ಲಿ ವಿನಾಯಿತಿ ಇದೆಯೆಂದು ಕೆಲವರು ವಾದಿಸುವುದುಂಟು. ವಿನಾಯಿತಿ ಇರುವುದು ನಿಜ. ಆದರೆ ಅದು ಸಾಹಿತ್ಯ, ನಾಟಕ, ಸಂಗೀತ ಮತ್ತು ಧ್ವನಿಮುದ್ರಣಕ್ಕೆ ಸೀಮಿತ. ಸಮಾರಂಭದಲ್ಲಿ ಹಾಡು ಹಾಕಬಹುದು, ಚಲನಚಿತ್ರಕ್ಕೆ ಅದರಲ್ಲಿ ಸ್ಥಾನವಿಲ್ಲ.

ತಿಳಿದೂ ಉಲ್ಲಂಘಿಸಿದವರಿಗೆ, ಅದಕ್ಕೆ ಕುಮ್ಮಕ್ಕು ನೀಡಿದವರಿಗೆ 63ನೇ ಪ್ರಕರಣದಡಿ 6 ತಿಂಗಳಿಂದ 3 ವರ್ಷ ಕಾರಾವಾಸ, ₹50,000ದಿಂದ ₹2 ಲಕ್ಷ ದಂಡ. ವ್ಯಾಪಾರದ ಲಾಭವಿಲ್ಲದಿದ್ದಲ್ಲಿ ನ್ಯಾಯಾಲಯ ಕಾರಣ ದಾಖಲಿಸಿ ಶಿಕ್ಷೆ ತಗ್ಗಿಸಬಹುದು, ಅಪರಾಧ ಮಾತ್ರ ಅಳಿಯದು. ಇದು ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ನೀಡಿದೆ. ಖಾಸಗಿಯವರು ನಡೆಸುವ ಪ್ರದರ್ಶನಕ್ಕೆ ತಿಳಿದೂ ಸಮುದಾಯ ಭವನವನ್ನು ಬಾಡಿಗೆಗೆ ಕೊಟ್ಟರೆ 51ನೇ ಪ್ರಕರಣದಂತೆ ಸ್ಥಳ ಒದಗಿಸಿದ ಪಂಚಾಯಿತಿಯೂ ಉಲ್ಲಂಘನೆಗೆ ಹೊಣೆಯಾಗುತ್ತದೆ. ಸದಸ್ಯರು ಹೆಚ್ಚಾಗಿ ಗಮನಿಸದ ಅಂಶವಿದು.

ಮನೆಯಲ್ಲಿ ಕುಳಿತು ನೋಡಿದ ಮಾತ್ರಕ್ಕೆ ಅಪರಾಧವಾಗದು, ಹಂಚುವುದು ಮತ್ತು ಸಾರ್ವಜನಿಕವಾಗಿ ತೋರಿಸುವುದು ಅಪರಾಧವೆಂದು ಬಾಂಬೆ ಹೈಕೋರ್ಟ್ 2016ರಲ್ಲಿ ಅಭಿಪ್ರಾಯಪಟ್ಟಿತ್ತು. ಆದರೆ ಟೊರೆಂಟ್ ತಂತ್ರಾಂಶದಲ್ಲಿ ಕಡತ ಇಳಿಯುತ್ತಿರುವಾಗಲೇ ಅದರ ತುಣುಕುಗಳು ಇತರರಿಗೆ ರವಾನೆಯಾಗುತ್ತವೆ. ಇಳಿಸುವವನು ತನಗರಿವಿಲ್ಲದೆಯೇ ಹಂಚುವವನೂ ಆಗುತ್ತಾನೆ. ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಹೀಗಾದರೆ ತನಿಖೆಯಲ್ಲಿ ಮೊದಲು ಕಾಣುವುದು ಪಂಚಾಯಿತಿಯ ಇಂಟರ್‌ನೆಟ್ ಸಂಪರ್ಕದ ಐಪಿ ವಿಳಾಸ. ಆದ್ದರಿಂದ ಬಳಕೆದಾರರ ಹೆಸರು, ವೇಳೆಗಳ ವಹಿ ಇಡುವುದು ಅವಶ್ಯ. ಡಿಜಿಟಲ್ ಸಹಿಯಿಂದ ಹಣ ಪಾವತಿಸುವ ಕಚೇರಿ ಕಂಪ್ಯೂಟರಿನಲ್ಲಂತೂ ಇಂತಹ ತಾಣಗಳನ್ನು ತೆರೆಯಲೇಬಾರದು. ಅವುಗಳ ಮೂಲಕ ಕುತಂತ್ರಾಂಶ ನುಸುಳುವ ಅಪಾಯವಿದೆ.

ಚಿತ್ರ ತೋರಿಸಲೇಬೇಕೆಂದಿದ್ದಲ್ಲಿ ನಿರ್ಮಾಪಕರಿಂದ ಅಥವಾ ಪ್ರದರ್ಶನದ ಹಕ್ಕು ಹೊಂದಿದವರಿಂದ ದಿನಾಂಕ, ಸ್ಥಳ ನಮೂದಿಸಿದ ಲಿಖಿತ ಅನುಮತಿ ಪಡೆದು, ಅದರ ಪ್ರತಿಯನ್ನು ಸಭಾ ನಡವಳಿಯೊಂದಿಗೆ ಕಡತದಲ್ಲಿ ಇರಿಸತಕ್ಕದ್ದು. ಓಟಿಟಿ ಚಂದಾ ಇದ್ದರೂ ಸಾಲದು. ಸಾಮಾನ್ಯವಾಗಿ ಆ ಚಂದಾದ ಷರತ್ತುಗಳು ಸ್ವಂತ ವೀಕ್ಷಣೆಗೆ ಮಾತ್ರ ಅವಕಾಶ ನೀಡುತ್ತವೆ.