ಮಿದುಳಿನ ನಾಳಕ್ಕೆ ತೊಡೆಯ ದಾರಿ

ಪಾರ್ಶ್ವವಾಯು ಎಂಬ ಹೆಸರು ನಮ್ಮವರಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡಿದೆ. ಮೈಯ ಒಂದು ಪಕ್ಕ ಸೋತುಹೋಗುವುದನ್ನು ಕಂಡು ಹಿಂದಿನವರು ವಾಯುವಿನ ವಿಕಾರವೆಂದು ಬಗೆದರು. ಆ ಮಾತನ್ನು ನಂಬಿ ಎಣ್ಣೆ ತಿಕ್ಕಿಸುವುದರಲ್ಲಿಯೇ ಅರ್ಧ ದಿನ ಕಳೆಯುವ ಮನೆಗಳು ಇಂದಿಗೂ ಉಂಟು. ಕೆಟ್ಟಿರುವುದು ಕೈಯೂ ಅಲ್ಲ, ಕಾಲೂ ಅಲ್ಲ. ಮಿದುಳಿಗೆ ನೆತ್ತರನ್ನೊಯ್ಯುವ ಧಮನಿ. ಹೆಚ್ಚಿನವರಲ್ಲಿ ಅದು ನೆತ್ತರ ಹೆಪ್ಪಿನಿಂದ ಮುಚ್ಚಿರುತ್ತದೆ, ಕೆಲವರಲ್ಲಿ ಒಡೆದಿರುತ್ತದೆ. (ಧಮನಿ ಶಬ್ದದ ಧಾತುವಿಗೂ ಊದುವುದೆಂದೇ ಅರ್ಥ, ಗಾಳಿ ನಮ್ಮನ್ನು ಬಿಡುವಂತಿಲ್ಲ!)

ದೊಡ್ಡ ನಾಳವೊಂದು ಮುಚ್ಚಿದಾಗ ಅದನ್ನು ತೆರೆಯಲು ತಲೆಬುರುಡೆಯನ್ನು ಕೊರೆಯಬೇಕಾಗಿಲ್ಲ. ತೊಡೆಯ ಸಂದಿನ ಧಮನಿಗೆ ಸಣ್ಣ ರಂಧ್ರ ಮಾಡಿ, ಕ್ಯಾಥೆಟರ್ ಎಂಬ ತೆಳುಗೊಳವೆಯನ್ನು ಒಳಕ್ಕೆ ಬಿಡುತ್ತಾರೆ. ಕಿರುಗಾಲುವೆಯಿಂದ ಭದ್ರಾ ನಾಲೆಗೇರಿ, ಅಲ್ಲಿಂದ ಇನ್ನೊಂದು ಕವಲಿಗೆ ಹೊರಳುವ ಹಾಗೆ, ಅದು ಮಹಾಧಮನಿಯನ್ನೇರಿ ಕೊರಳನ್ನು ಹಾದು ಮಿದುಳಿನ ನಾಳವನ್ನು ಸೇರುತ್ತದೆ. ವೈದ್ಯರಿಗೆ ದಾರಿ ತೋರುವುದು ಕ್ಷಕಿರಣದ ತೆರೆ. ನೆತ್ತರಿಗೆ ದ್ರಾವಣ ಸೇರಿಸಿ ಮಿದುಳಿನ ನಾಳಗಳ ಚಿತ್ರವನ್ನು ಪಡೆಯುವ ಈ ವಿದ್ಯೆಯನ್ನು 1927ರಲ್ಲಿ ಕಂಡುಕೊಂಡವನು ಪೋರ್ಚುಗಲ್ಲಿನ ಎಗಾಸ್ ಮೋನಿಜ್. ಹೆಪ್ಪು ಸಿಕ್ಕಿದೊಡನೆ ತಂತಿಯ ಸಣ್ಣ ಬಲೆಯೊಂದು ಅರಳಿ ಅದನ್ನು ಹಿಡಿದು ಹೊರಕ್ಕೆಳೆಯುತ್ತದೆ. ಹೀರಿ ತೆಗೆಯುವುದೂ ಉಂಟು. ನಾಳದ ಗೋಡೆ ಗುಳ್ಳೆಯಂತೆ ಉಬ್ಬಿದ್ದರೆ ಅದರೊಳಗೆ ಪ್ಲಾಟಿನಂ ಸುರುಳಿ ತುಂಬುತ್ತಾರೆ; ಇಟಲಿಯ ಗುಗ್ಲಿಯೆಲ್ಮಿಯ ಸುರುಳಿ 1990ರಲ್ಲಿ ಮೊದಲು ರೋಗಿಯ ಮೇಲೆ ಬಳಕೆಗೆ ಬಂದಿತು. ನಮ್ಮ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ಕೆಲಸಕ್ಕೆಂದೇ ಒಂದು ವಿಭಾಗವನ್ನು ಇಟ್ಟುಕೊಂಡಿದೆ.

ಹೆಪ್ಪನ್ನು ಎಳೆದು ತೆಗೆಯುವುದೇ ಮೇಲೆಂದು 2015ರಲ್ಲಿ ಹಲವು ದೇಶಗಳ ಪರೀಕ್ಷೆಗಳು ಸಿದ್ಧಪಡಿಸಿದವು. ಅದಕ್ಕೆ ಮೊದಲ 6 ಗಂಟೆ ಉತ್ತಮ. ಚಿತ್ರ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೂ ಮಾಡುವರು. ಆದರೆ ದೊಡ್ಡ ನಾಳ ಮುಚ್ಚಿದಾಗ ಮಿದುಳು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳನ್ನು ಕಳೆದುಕೊಳ್ಳುತ್ತದೆಂಬುದು ತಜ್ಞರ ಲೆಕ್ಕ.

ಹಾಗಾದರೆ ಆಲ್ಕೊಳದ ಮನೆಯೊಂದರಲ್ಲಿ ಒಬ್ಬರ ಬಾಯಿ ಸೊಟ್ಟಗಾಗಿ, ತೋಳು ಜೋತು, ಮಾತು ತೊದಲಿದರೆ ಏನು ಮಾಡತಕ್ಕದ್ದು? ಬೆಂಗಳೂರು ಸುಮಾರು 300 ಕಿಲೋಮೀಟರು. ನೇರವಾಗಿ ಅತ್ತ ಕಾರು ಹೊರಡಿಸುವುದು ಜಾಣತನವಲ್ಲ. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಶಿವಮೊಗ್ಗದ ಆಸ್ಪತ್ರೆಗೇ ಮೊದಲು ಹೋಗಬೇಕು. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಹೊರಗಿನಿಂದ ತಿಳಿಯದು. ಮುಚ್ಚಿದವರಿಗೆ ನಾಲ್ಕೂವರೆ ಗಂಟೆಯೊಳಗೆ ಕೊಡುವ ಹೆಪ್ಪು ಕರಗಿಸುವ ಔಷಧ, ಒಡೆದವರಿಗೆ ಪ್ರಾಣಾಂತಕ. ಔಷಧ ಕೊಟ್ಟ ಮೇಲೂ ದೊಡ್ಡ ನಾಳದ ಚಿಕಿತ್ಸೆಗೆ ಮುಂದಕ್ಕೆ ಕಳುಹಿಸಬಹುದು. ರೋಗಿ ಸರಿಯಾಗಿದ್ದುದನ್ನು ಕಡೆಯದಾಗಿ ಕಂಡ ಹೊತ್ತನ್ನು ಗುರುತಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕಬೇಡಿ; ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸನಾಳಕ್ಕಿಳಿದೀತು.