ಚಲಿಸುವ ಚಿತ್ರಗಳ ಹಿಂದಣ ಕೈಗಳು

ಅಮೆರಿಕೆಯ ಚಲಿಸುವ ವ್ಯಂಗ್ಯಚಿತ್ರಗಳೆಂದೊಡನೆ ವಾಲ್ಟ್ ಡಿಸ್ನಿಯ ಹೆಸರೊಂದೇ ಲೋಕದ ನಾಲಗೆಯ ಮೇಲೆ ಬರುವುದು. ಆದರೆ 1928ರಲ್ಲಿ ಮಿಕ್ಕಿ ಮೌಸಿನ ಮೊದಲ ಚಿತ್ರಗಳನ್ನು ಬಹುಮಟ್ಟಿಗೆ ಒಬ್ಬನೇ ಕುಳಿತು ಬರೆದವನು ಅಬ್ ಐವರ್ಕ್ಸ್.

ತೆರೆಯ ಮೇಲೆ ಒಂದು ಸೆಕೆಂಡು ಸರಿಯಬೇಕಾದರೆ 24 ಬಿಂಬಗಳು ಬೇಕು. ಹಿರಿಯ ಕಲಾವಿದನು ಮುಖ್ಯ ಭಂಗಿಗಳನ್ನು ಬರೆಯುವನು. ನಡುವಣ ಭಂಗಿಗಳನ್ನು ಸಹಾಯಕರು ತುಂಬುವರು. ಪಾರದರ್ಶಕ ಹಾಳೆಗಳ ಮೇಲೆ ಶಾಯಿಯನ್ನೂ ಬಣ್ಣವನ್ನೂ ಹಾಕುವ ಕೆಲಸ ಆಗ ಹೆಚ್ಚಾಗಿ ಹೆಂಗಸರದಾಗಿತ್ತು. 1937ರ ‘ಸ್ನೋ ವೈಟ್’ ಇಂತಹ ನೂರಾರು ಕೈಗಳ ದುಡಿಮೆ. ಅದರ ಗಳಿಕೆಯಿಂದ ಬರ್ಬ್ಯಾಂಕಿನಲ್ಲಿ ಭವ್ಯವಾದ ಕಾರ್ಯಾಗಾರವೆದ್ದಿತು; ಸಂಬಳಗಳ ತಾರತಮ್ಯವು ಮಾತ್ರ ಹಾಗೆಯೇ ಉಳಿಯಿತು.

1941ರ ಮೇ ತಿಂಗಳಲ್ಲಿ, ಚಿತ್ರಕಾರರ ಸಂಘದ ಪಕ್ಷ ವಹಿಸಿದ ಆರ್ಟ್ ಬ್ಯಾಬಿಟ್ಟನನ್ನು ಕೆಲಸದಿಂದ ತೆಗೆಯಲು, ನೂರಾರು ಮಂದಿ ಮುಷ್ಕರ ಹೂಡಿದರು. ಗೂಫಿಗೆ ನಡಿಗೆಯನ್ನು ಕಲಿಸಿದವನೇ ಈ ಬ್ಯಾಬಿಟ್. ಕೈತುಂಬ ಸಂಬಳವಿದ್ದ ಇವನು ಅಲ್ಪವೇತನದವರ ಪಕ್ಕಕ್ಕೆ ನಿಂತನೆಂಬುದನ್ನು ವಾಚಕರು ಗಮನಿಸತಕ್ಕದ್ದು. ಬಾಗಿಲ ಬಳಿ ಹಿಡಿದ ಫಲಕಗಳಲ್ಲಿಯೂ ವ್ಯಂಗ್ಯಚಿತ್ರಗಳೇ! ಬರೆಯಬಲ್ಲವರನ್ನು ಕೆಣಕಿದರೆ ಮತ್ತೇನಾದೀತು? ಕಡೆಗೆ ಸರ್ಕಾರದ ಮಧ್ಯಸ್ಥರ ತೀರ್ಪು ಸಂಘದ ಕಡೆಗಾಯಿತು.

ಡಿಸ್ನಿಯು ಇದನ್ನು ಮರೆಯಲಿಲ್ಲ. 1947ರಲ್ಲಿ ವಾಷಿಂಗ್‌ಟನ್ನಿನ ವಿಚಾರಣಾ ಸಮಿತಿಯೆದುರು, ಆ ಮುಷ್ಕರವು ಕಮ್ಯೂನಿಸ್ಟರ ಕೈವಾಡವೆಂದು ಸಾಕ್ಷಿ ನುಡಿದು, ಡೇವಿಡ್ ಹಿಲ್ಬರ್ಮನ್ನನ ಹೆಸರೆತ್ತಿದನು. ನ್ಯಾಯ ಕೇಳಿದವನನ್ನು ದ್ರೋಹಿಯೆನ್ನುವ ಈ ವರಸೆ ನಮ್ಮ ದೇಶದವರಿಗೆ ಅಪರಿಚಿತವೇನಲ್ಲ. ಹಿಲ್ಬರ್ಮನ್ನನು ಮುಷ್ಕರದ ತರುವಾಯ ಇಬ್ಬರು ಗೆಳೆಯರೊಡನೆ ಕಟ್ಟಿದ ಸಂಸ್ಥೆಯೇ ಯು.ಪಿ.ಎ.; ಡಿಸ್ನಿಯ ಶೈಲಿಯನ್ನು ತೊರೆದು ಕೆಲವೇ ಗೆರೆಗಳಲ್ಲಿ ಮೂಡಿದ ಅದರ ‘ಜೆರಾಲ್ಡ್ ಮೆಕ್‌ಬಾಯಿಂಗ್-ಬಾಯಿಂಗ್’ ಚಿತ್ರಕ್ಕೆ 1951ರಲ್ಲಿ ಆಸ್ಕರ್ ಪಾರಿತೋಷಕವು ದೊರೆಯಿತು.