ಛಾವಣಿಯ ಮೇಲಿನ ಎರಡು ನಿಮಿಷ

ಎದೆ, ಬೆನ್ನಿಗೆ ಸೀಸದ ತಗಡು ಕಟ್ಟಿಕೊಂಡು, ಮುಖಕ್ಕೆ ಮುಸುಕು ಹಾಕಿದ ಕೆಲವರು ಛಾವಣಿಯೊಂದರ ಮೇಲೆ ಸಲಿಕೆಯಿಂದ ಅವಶೇಷಗಳನ್ನು ಬಾಚುತ್ತಿದ್ದಾರೆ. ಚಿತ್ರದ ಕೆಳ ಅಂಚಿನಲ್ಲಿ ಸಾಲಾಗಿ ಬಿಳಿಯ ಪಟ್ಟೆಗಳು. ಮುದ್ರಣದ ದೋಷವೆಂದೇ ತೋರುವ ಆ ಪಟ್ಟೆಗಳು ಈ ಚಿತ್ರದ ಮುಖ್ಯ ಸಾಕ್ಷ್ಯ.

ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಚೆರ್ನೊಬಿಲ್ ಅಣುಸ್ಥಾವರದ ನಾಲ್ಕನೆಯ ರಿಯಾಕ್ಟರ್ 1986ರ ಏಪ್ರಿಲ್ 26ರ ನಸುಕಿನಲ್ಲಿ ಸಿಡಿಯಿತು. ಅದರ ಒಡಲಲ್ಲಿದ್ದ ಗ್ರಾಫೈಟ್ ತುಂಡುಗಳು ಪಕ್ಕದ ಮೂರನೆಯ ಘಟಕದ ಛಾವಣಿಗೆ ಬಂದು ಬಿದ್ದವು. ಅವನ್ನು ತೆಗೆಯಲು ತರಿಸಿದ ಯಂತ್ರಗಳಲ್ಲಿ ಕೆಲವು ವಿಕಿರಣಕ್ಕೆ ಕೆಟ್ಟವು, ಕೆಲವು ಅವಶೇಷಗಳಲ್ಲಿ ಸಿಕ್ಕಿಕೊಂಡವು. ಕೊನೆಗೆ ಸೆಪ್ಟೆಂಬರಿನಲ್ಲಿ, ಜನರಲ್ ನಿಕೊಲಾಯ್ ತರಕಾನೊವ್ ನೇತೃತ್ವದಲ್ಲಿ, ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಮೇಲೆ ಕಳಿಸಲಾಯಿತು. ಬಹುತೇಕರು ಮೀಸಲು ಪಡೆಯವರು, ಮನೆಗಳಿಂದ ಕರೆ ಬಂದವರು. ಅವರಿಗೆ ಬಿದ್ದ ಅಡ್ಡಹೆಸರು 'ಜೈವಿಕ ರೋಬೋಟ್'. ಛಾವಣಿಯ ಭಾಗಗಳಿಗೆ ಮಾತ್ರ ಮಾಶಾ, ನೀನಾ, ಕಾತ್ಯಾ ಎಂದು ಹೆಂಗಸರ ಹೆಸರುಗಳು!

ಓಡಿಹೋಗಬೇಕು, ಒಂದೆರಡು ಸಲಿಕೆ ಬಾಚಿ ಒಡೆದ ರಿಯಾಕ್ಟರಿನ ಬಾಯಿಗೆ ಸುರಿಯಬೇಕು, ಸೈರನ್ ಕೂಗಿದೊಡನೆ ಹಿಂದಿರುಗಬೇಕು. ಕೆಲವು ಕಡೆ ಎರಡು ಮೂರು ನಿಮಿಷ, ಕೆಲವು ಕಡೆ ನಿಮಿಷಕ್ಕೂ ಕಡಿಮೆ. ಬಹಳ ಮಂದಿಗೆ ಜೀವಮಾನದಲ್ಲಿ ಅಷ್ಟೇ ಸರದಿ.

ಅವರೊಡನೆ ಮೇಲೇರಿದವರು ನೊವೊಸ್ತಿ ಸುದ್ದಿಸಂಸ್ಥೆಯ ಛಾಯಾಗ್ರಾಹಕ ಇಗೊರ್ ಕೊಸ್ತಿನ್. ಬೆಳಕು ಫಿಲ್ಮಿನ ಬೆಳ್ಳಿಯ ಲವಣಗಳ ಮೇಲೆ ಮಾಡುವ ಕೆಲಸವನ್ನೇ ಗಾಮಾ ಕಿರಣವೂ ಮಾಡುತ್ತದೆ. ಕ್ಯಾಮೆರಾದ ಮುಚ್ಚಳ ಅದಕ್ಕೆ ಅಡ್ಡಿಯಲ್ಲ. ಆಸ್ಪತ್ರೆಯ ಎಕ್ಸ್‌ರೇ ಫಿಲ್ಮಿನ ತತ್ತ್ವವೂ ಇದೇ. ನೆಗೆಟಿವ್‌ನಲ್ಲಿ ಕಪ್ಪಾದ ಭಾಗ ಚಿತ್ರದಲ್ಲಿ ಬಿಳಿಯಾಯಿತು. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಶತ್ರು ತನ್ನ ರುಜುವನ್ನು ತಾನೇ ಹಾಕಿತು.

ಕಾಗದದ ದಾಖಲೆ ಇಷ್ಟು ಪ್ರಾಮಾಣಿಕವಾಗಿರಲಿಲ್ಲ. ಅಂದು ಅಣುಸ್ಥಾವರದ ನೌಕರನಿಗೆ ವರ್ಷಕ್ಕೆ 5 ರೆಮ್ ವಿಕಿರಣದ ಮಿತಿಯಿದ್ದರೆ, ಶುದ್ಧೀಕರಣದವರಿಗೆ ಅದನ್ನು 25ಕ್ಕೆ ಏರಿಸಲಾಗಿತ್ತು. ಎಷ್ಟೋ ಕಡೆ ಇಡೀ ತಂಡಕ್ಕೆ ಒಂದೇ ಮಾಪಕ. ಇಲ್ಲವೇ ಹೋದ ಜಾಗ, ನಿಂತ ಹೊತ್ತು ನೋಡಿ ಅಂದಾಜಿನಲ್ಲಿ ಅಂಕಿ ಬರೆದರು. ಮುಂದೆ ಕಾಯಿಲೆ ಬಿದ್ದವನು ಪರಿಹಾರಕ್ಕೆ ಹೋದಾಗ ಕೇಳುತ್ತಿದ್ದುದು ಆ ಕಾಗದವನ್ನೇ. ಕೊಸ್ತಿನ್ ಚಿತ್ರಗಳೂ ಇಲ್ಲಿ ನೆರವಾಗುವುದು ಕಷ್ಟ: ಮುಸುಕಿನೊಳಗಿನ ಮುಖ ಯಾರದೆಂದು ಗುರುತಿಸುವುದು ಹೇಗೆ?

ಚಿತ್ರ ತೆಗೆದವರಿಗೂ ವಿನಾಯಿತಿ ಇರಲಿಲ್ಲ. ಸ್ಥಾವರದ ಛಾಯಾಗ್ರಾಹಕ ಅನತೊಲಿ ರಸ್ಕಜೊವ್ ಸ್ಫೋಟದ ದಿನವೇ ಚಿತ್ರ ತೆಗೆದಿದ್ದರು. ಅವು ಅಧಿಕಾರಿಗಳ ವಶವಾದವು. ಸಾಕ್ಷ್ಯಚಿತ್ರ ನಿರ್ದೇಶಕ ವ್ಲಾದಿಮಿರ್ ಶೆವ್ಚೆಂಕೊ 1987ರಲ್ಲಿ ತೀರಿಕೊಂಡರು. ಕೊಸ್ತಿನ್ ಮಾತ್ರ ವರ್ಷಗಟ್ಟಲೆ ಅಲ್ಲಿಗೆ ಮರಳಿ, ಬರಿದಾದ ಹಳ್ಳಿಗಳನ್ನೂ ಆಸ್ಪತ್ರೆಯ ಹಾಸಿಗೆಗಳನ್ನೂ ಸೆರೆಹಿಡಿದರು. 2015ರಲ್ಲಿ ಅವರು ಸತ್ತದ್ದು ಕೀವ್ ನಗರದ ರಸ್ತೆ ಅಪಘಾತದಲ್ಲಿ.